ಒಂಟಿ ಶೂ, ಅನ್ನದ ಉಂಡೆ, 518 ನಂಬರಿನ ಬಸ್ಸು

ಮೊದಲ ದಿನ: ಮೇ 14, 2025, ಬುಧವಾರ

ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ತಂಗಿ ಮಗಳು ಕೈ ಬೀಸುತ್ತಾ ನಿಂತಿದ್ದಳು. ಎರಡು ವರ್ಷದಿಂದ ಸಿಯೋಲ್‌ನಲ್ಲಿ ಓದುತ್ತಿದ್ದಾಳೆ. ಕೊರಿಯನ್ ಭಾಷೆ ನೀರು ಕುಡಿದಷ್ಟು ಸಲೀಸು ಅವಳಿಗೆ. "ದೊಡ್ಡಮ್ಮ, ಅರಮನೆ ನೋಡೋಣ್ವಾ, ಶಾಪಿಂಗ್‌ಗೆ ಹೋಗೋಣ್ವಾ?" ಅಂತ ಕೇಳಿದಳು. ಎರಡೂ ಆಮೇಲೆ, ಡಿಸೆಂಬರ್‌ನಲ್ಲಿ ಫೋನ್ ಮಾಡಿ ಹೇಳಿದ್ಯಲ್ಲ, ಮೊದಲು ಆ ಜಾಗ ತೋರಿಸು ಅಂದೆ.

ಆ ಫೋನ್ ಬಂದದ್ದು 2024ರ ಡಿಸೆಂಬರ್ 3ರಂದು. ನಮ್ಮಲ್ಲಿ ರಾತ್ರಿ ಎಂಟೂವರೆ, ಅಲ್ಲಿ ಮಧ್ಯರಾತ್ರಿ. "ದೊಡ್ಡಮ್ಮ, ಅಧ್ಯಕ್ಷರು ಟಿವಿಯಲ್ಲಿ ಬಂದು ಸೇನಾ ಕಾನೂನು ಹೇರಿದ್ದೀನಿ ಅಂದ್ರು. ಸಂಸತ್ತಿಗೆ ಹೆಲಿಕಾಪ್ಟರಿನಲ್ಲಿ ಸೈನಿಕರು ಇಳೀತಿದಾರೆ." ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಸರ್ವಾಧಿಕಾರ ಅಂದರೇನು, ಪ್ರಜಾಪ್ರಭುತ್ವ ಅಂದರೇನು ಅಂತ ಬೋರ್ಡಿನ ಮೇಲೆ ಎಷ್ಟು ಸಲ ಗೀಟು ಎಳೆದು ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ನಮ್ಮ ಮನೆಯ ಹುಡುಗಿ ಅಲ್ಲಿದ್ದಾಳೆ ಅಂದಾಗ ಪಾಠವೆಲ್ಲ ಮರೆತುಹೋಯಿತು. ಬಾಗಿಲು ಹಾಕಿಕೊಂಡು ಒಳಗಿರು ಅಂತಷ್ಟೇ ಹೇಳಿದೆ. ನಾವು ಬೆಳಿಗ್ಗೆ ಏಳುವಷ್ಟರಲ್ಲಿ ಅವಳ ಮೆಸೇಜ್ ಬಂದಿತ್ತು. ಸಂಸತ್ತು ವೋಟು ಹಾಕಿ ಅದನ್ನು ತೆಗೆಸಿತು ಅಂತ. ಎಲ್ಲ ಸೇರಿ ಆರು ಗಂಟೆ. ಒಂದು ದೇಶ ಆರು ಗಂಟೆಯಲ್ಲಿ ಬಿದ್ದು, ಎದ್ದು ನಿಂತಿತ್ತು. ಹೇಗೆ ಎದ್ದಿತು ಅನ್ನೋದನ್ನು ನಾನು ಕಣ್ಣಾರೆ ನೋಡಬೇಕಿತ್ತು. ನಿವೃತ್ತಿಯ ದುಡ್ಡಿನಲ್ಲಿ ಟಿಕೆಟ್ ತೆಗೆಸಿದೆ.

ಸಂಜೆ ಗ್ವಾಂಗ್‌ಹ್ವಾಮುನ್ ಚೌಕಕ್ಕೆ ಹೋದೆವು. ಕೊರಿಯನ್ ಲಿಪಿ ಮಾಡಿಕೊಟ್ಟ ರಾಜ ಸೇಜೋಂಗ್ ಅಲ್ಲಿ ಕಂಚಿನ ವಿಗ್ರಹವಾಗಿ ಕೂತಿದ್ದಾನೆ. 2016-17ರ ಚಳಿಗಾಲದಲ್ಲಿ ಜನ ವಾರ ವಾರವೂ ಮೇಣದ ಬತ್ತಿ ಹಿಡಿದು ಸೇರಿದ್ದು ಇಲ್ಲೇ. ಕಡೆಗೆ 2017ರ ಮಾರ್ಚ್ 10ರಂದು ಸಂವಿಧಾನ ನ್ಯಾಯಾಲಯ ಅಧ್ಯಕ್ಷೆ ಪಾರ್ಕ್ ಗ್ಯೂನ್-ಹೇ ಅವರನ್ನು ಕೆಳಗಿಳಿಸಿತು. ಈ ಸಲ ಏಪ್ರಿಲ್ 4ಕ್ಕೆ, ಡಿಸೆಂಬರ್‌ನಲ್ಲಿ ಸೇನಾ ಕಾನೂನು ಹೇರಿದ್ದ ಯೂನ್ ಸುಕ್-ಯೋಲ್ ಅವರನ್ನೂ ಇಳಿಸಿತು, ಎಂಟಕ್ಕೆ ಎಂಟೂ ನ್ಯಾಯಾಧೀಶರು ಒಂದೇ ಮಾತು ಹೇಳಿ. ಜೂನ್ 3ಕ್ಕೆ ಹೊಸ ಚುನಾವಣೆ. ರಸ್ತೆಯಲ್ಲಿ ಪ್ರಚಾರದ ಲಾರಿ, ಮೇಲೆ ದೊಡ್ಡ ಪರದೆ. ನೀಲಿ ಅಂಗಿಯ ಗುಂಪು ಒಂದು ಕಡೆ, ಕೆಂಪು ಅಂಗಿಯ ಗುಂಪು ಇನ್ನೊಂದು ಕಡೆ, ಇಬ್ಬರೂ ಹಾಡಿಗೆ ಹೆಜ್ಜೆ ಹಾಕಿ ಕುಣಿಯುತ್ತಿದ್ದರು. ಸಿಗ್ನಲ್ ಬಿದ್ದಾಗ ಎರಡೂ ಬಣ್ಣದವರು ಒಟ್ಟಿಗೆ ರಸ್ತೆ ದಾಟಿದರು. ನನಗೆ ಅದನ್ನು ನೋಡಿಯೇ ಹೊಟ್ಟೆ ತುಂಬಿತು.

ಎರಡನೇ ದಿನ: ಮೇ 15, ಗುರುವಾರ

ಬೆಳಿಗ್ಗೆ ಎದ್ದರೆ ದಿಂಬಿನ ಪಕ್ಕ ಒಂದು ಕೆಂಪು ಕಾರ್ನೇಷನ್ ಹೂವು. "ಇವತ್ತು ಇಲ್ಲಿ ಶಿಕ್ಷಕರ ದಿನ, ದೊಡ್ಡಮ್ಮ." ಆ ರಾಜ ಸೇಜೋಂಗ್ ಹುಟ್ಟಿದ ದಿನವನ್ನೇ ಇವರು ಶಿಕ್ಷಕರ ದಿನ ಮಾಡಿಕೊಂಡಿದ್ದಾರೆ. ಅಕ್ಷರ ಕೊಟ್ಟವನೇ ಮೊದಲ ಮೇಷ್ಟ್ರು ಅಲ್ವಾ. ಹೂವನ್ನು ಸೆರಗಿಗೆ ಪಿನ್ ಮಾಡಿಕೊಂಡು ಯೌಯಿದೋ ಕಡೆ ಹೊರಟೆ.

ರಾಷ್ಟ್ರೀಯ ಸಭೆ, ಅಂದರೆ ಇವರ ಸಂಸತ್ತು, ಹಾನ್ ನದಿಯ ಪಕ್ಕ ಇದೆ. ಹಸಿರು ಗುಮ್ಮಟ, ಸುತ್ತ ಎತ್ತರದ ಕಂಬಗಳು. ನಾನು ಕಟ್ಟಡಕ್ಕಿಂತ ಬೇಲಿಯನ್ನೇ ಜಾಸ್ತಿ ಹೊತ್ತು ನೋಡಿದೆ. ಆ ರಾತ್ರಿ ಪೊಲೀಸರು ಗೇಟು ಮುಚ್ಚಿದಾಗ ಸಂಸದರು ಹಾರಿ ಒಳಗೆ ಹೋದದ್ದು ಈ ಬೇಲಿಯನ್ನು. ಸ್ಪೀಕರ್ ವೂ ವೊನ್-ಶಿಕ್‌ಗೆ ಆಗ 67 ವರ್ಷ. ಅವರೂ ಹಾರಿದರು. ಒಳಗಿದ್ದ ಸಿಬ್ಬಂದಿ ಮೇಜು, ಕುರ್ಚಿ ಅಡ್ಡ ಇಟ್ಟು ಸೈನಿಕರನ್ನು ತಡೆದರು. ಬೆಂಕಿ ಆರಿಸುವ ಸಿಲಿಂಡರಿನಿಂದ ಪುಡಿ ಎರಚಿದರು. ರಾತ್ರಿ ಒಂದು ಗಂಟೆಗೆ ವೋಟಿಗೆ ಹಾಕಿದಾಗ 300 ಜನರ ಪೈಕಿ ಬಂದಿದ್ದವರು 190. ನೂರತೊಂಬತ್ತೂ ಜನ ಸೇನಾ ಕಾನೂನು ಬೇಡ ಅಂದರು. ಅದರಲ್ಲಿ ಅಧ್ಯಕ್ಷರ ಪಕ್ಷದವರೂ ಇದ್ದರು. ಸಂವಿಧಾನದ 77ನೇ ವಿಧಿ ಪ್ರಕಾರ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇಳಿದರೆ ಅಧ್ಯಕ್ಷರು ತೆಗೆಯಲೇಬೇಕು. ಬೆಳಗಿನ ಜಾವ ನಾಲ್ಕೂವರೆಗೆ ತೆಗೆದರು.

ಆದರೆ ಬರೀ ವಿಧಿಯಿಂದ ಆಗುವ ಕೆಲಸವಾ ಇದು? ಗೇಟಿನ ಹತ್ತಿರ ಬೆಂಚಿನ ಮೇಲೆ ಅರವತ್ತು ದಾಟಿದ ಒಬ್ಬರು ಕೂತಿದ್ದರು. ನನ್ನ ಸೀರೆ ನೋಡಿ ತಾವೇ ಮಾತಾಡಿಸಿದರು. ಆ ರಾತ್ರಿ ಅವರೂ ಇಲ್ಲಿದ್ದರಂತೆ. ಮನೆಯಲ್ಲಿ ಹೆಂಡತಿ ಬೇಡ ಅಂದರೂ ಟ್ಯಾಕ್ಸಿ ಹತ್ತಿ ಬಂದರಂತೆ. ಯಾಕೆ ಬಂದಿರಿ ಅಂತ ನಮ್ಮ ಹುಡುಗಿಯ ಕೈಲಿ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"1980ರಲ್ಲಿ ನನಗೆ ಹತ್ತೊಂಬತ್ತು. ಸಿಯೋಲ್‌ನಲ್ಲೇ ಇದ್ದೆ. ಗ್ವಾಂಗ್ಜು ಊರಿನಲ್ಲಿ ಸೇನೆ ಜನರಿಗೆ ಗುಂಡು ಹಾರಿಸ್ತಿದ್ದಾಗ ನಾನು ಊಟ ಮಾಡಿ ಮಲಗ್ತಿದ್ದೆ. ಪೇಪರಿನಲ್ಲಿ ಗಲಭೆ ಅಂತ ಬಂದಿತ್ತು, ನಂಬಿದ್ದೆ. ನಿಜ ಗೊತ್ತಾಗೋಕೆ ವರ್ಷಗಳೇ ಬೇಕಾಯ್ತು. ಈ ಸಲ ಗೊತ್ತಿರ್ಲಿಲ್ಲ ಅನ್ನೋ ಹಾಗಿರ್ಲಿಲ್ಲ."

ಹುಡುಗಿ ಇದನ್ನು ಕನ್ನಡಕ್ಕೆ ಹೇಳುವಾಗ ಅವಳ ದನಿ ಸಣ್ಣಗಾಯಿತು.

ಮಧ್ಯಾಹ್ನ ಶಿನ್‌ಚೋನ್ ಕಡೆ ಒಂದು ಸಣ್ಣ ಸ್ಮಾರಕ ಭವನ. ಲೀ ಹಾನ್-ಯೋಲ್ ಹೆಸರಿನದು. ದೊಡ್ಡ ಬೋರ್ಡಿಲ್ಲ, ಗದ್ದಲವಿಲ್ಲ. ನಾವಿಬ್ಬರೇ ಇದ್ದೆವು. ಗಾಜಿನೊಳಗೆ ಒಂದು ಬಟ್ಟೆಯ ಶೂ. ಬಲಗಾಲಿನದು. ಒಂದೇ ಒಂದು.

ಅದರ ಕಥೆ ಹೇಳಲೇಬೇಕು. ಆಗ ದೇಶ ಸರ್ವಾಧಿಕಾರಿ ಚುನ್ ಡೂ-ಹ್ವಾನ್ ಕೈಯಲ್ಲಿತ್ತು. 1987ರ ಜನವರಿ 14ರಂದು ಪಾರ್ಕ್ ಜೊಂಗ್-ಚೊಲ್ ಅನ್ನೋ ವಿದ್ಯಾರ್ಥಿ ಪೊಲೀಸರ ವಿಚಾರಣೆಯಲ್ಲಿ ಸತ್ತ. ಮೇಜು ಕುಟ್ಟಿದೆವು, ಹುಡುಗ ಹೆದರಿ ಬಿದ್ದುಬಿಟ್ಟ ಅಂತ ಪೊಲೀಸರು ಹೇಳಿಕೆ ಕೊಟ್ಟರು. ನಿಜವಾಗಿ ತಲೆಯನ್ನು ನೀರಿನಲ್ಲಿ ಮುಳುಗಿಸಿ ಹಿಂಸೆ ಕೊಟ್ಟಿದ್ದರು. ಸತ್ಯ ಹೊರಗೆ ಬಂದ ಮೇಲೆ ದೇಶ ಕುದಿಯತೊಡಗಿತು. ಜೂನ್ 9ರಂದು ಯೊನ್ಸೇ ವಿಶ್ವವಿದ್ಯಾಲಯದ ಗೇಟಿನ ಮುಂದೆ ವಿದ್ಯಾರ್ಥಿಗಳು ಸೇರಿದ್ದರು. ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ ಲೀ ಹಾನ್-ಯೋಲ್ ತಲೆಗೆ ಬಡಿಯಿತು. ಅವನಿಗೆ ಇಪ್ಪತ್ತು ವರ್ಷ. ಕುಸಿದ ಅವನನ್ನು ಗೆಳೆಯ ಹಿಂದಿನಿಂದ ಅಪ್ಪಿ ಹಿಡಿದಿರುವ ಫೋಟೋ ಪ್ರಪಂಚವೆಲ್ಲ ಸುತ್ತಿತು. ಮರುದಿನದಿಂದ ಬೀದಿಗೆ ಬಂದವರು ಬರೀ ವಿದ್ಯಾರ್ಥಿಗಳಲ್ಲ. ಟೈ ಕಟ್ಟಿದ ಆಫೀಸಿನವರು ಊಟದ ಬಿಡುವಿನಲ್ಲಿ ಇಳಿದು ಬಂದರು. ಜೂನ್ 29ಕ್ಕೆ ಸರ್ಕಾರ ಮಣಿಯಿತು. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಲಿ ಅಂತ ಒಪ್ಪಿತು. ಹುಡುಗ ಜುಲೈ 5ಕ್ಕೆ ತೀರಿಕೊಂಡ. ಈಗಿನ ಸಂವಿಧಾನ ಬಂದದ್ದು ಆ ಅಕ್ಟೋಬರ್‌ನಲ್ಲಿ. ನಾನು ಬೆಳಿಗ್ಗೆ ಹೇಳಿದ 77ನೇ ವಿಧಿ ಇರುವುದು ಅದರಲ್ಲೇ.

ಆ ಡಿಸೆಂಬರ್‌ನಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಏನಾಯಿತು ಗೊತ್ತಾ? ವಿರೋಧ ಪಕ್ಷದ ಇಬ್ಬರು ದೊಡ್ಡ ನಾಯಕರು, ಕಿಮ್ ಯಂಗ್-ಸಾಮ್ ಮತ್ತು ಕಿಮ್ ಡೇ-ಜುಂಗ್, ಒಂದಾಗಲಿಲ್ಲ. ವೋಟು ಹಂಚಿಹೋಯಿತು. ಸರ್ವಾಧಿಕಾರಿಯ ಗೆಳೆಯ ರೋ ಟೇ-ವೂ ನೂರಕ್ಕೆ 36ರಷ್ಟು ಮತ ತಗೊಂಡು ಗೆದ್ದ. ಇಷ್ಟು ರಕ್ತ ಹರಿದ ಮೇಲೆ ಹೀಗಾಯಿತಲ್ಲ ಅಂತ ಆ ಶೂ ಮುಂದೆ ನಿಂತು ನನಗೆ ಸಂಕಟವಾಯಿತು. ಆದರೂ ಜನ ಕೈ ಬಿಡಲಿಲ್ಲ. ಐದು ವರ್ಷಕ್ಕೊಬ್ಬರು ಅನ್ನುವ ನಿಯಮ ಗಟ್ಟಿಯಾಗಿ ಹಿಡಿದರು. ಆ ಇಬ್ಬರು ಕಿಮ್‌ಗಳೂ ಒಬ್ಬರ ನಂತರ ಒಬ್ಬರು ಅಧ್ಯಕ್ಷರಾದರು.

ಶೂವಿನ ಅಡಿಭಾಗ ವರ್ಷ ಕಳೆದಂತೆ ಒಣಗಿ ಪುಡಿಪುಡಿಯಾಗಿತ್ತಂತೆ. 2015ರಲ್ಲಿ ತಜ್ಞರೊಬ್ಬರು ಚೂರುಗಳನ್ನು ಒಂದೊಂದಾಗಿ ಜೋಡಿಸಿ ಮತ್ತೆ ರೂಪಕ್ಕೆ ತಂದರು. ಬಗ್ಗಿ ನೋಡಿದೆ. ಹೊಸದು ಮಾಡಿಲ್ಲ. ಸವೆದದ್ದು ಸವೆದ ಹಾಗೇ ಇದೆ. ಲೇಸು ಮಾಸಿದೆ. ನನ್ನ ತರಗತಿಯ ಬಾಗಿಲಲ್ಲಿ ಹುಡುಗರು ಬಿಟ್ಟು ಬರುತ್ತಿದ್ದಂಥದೇ ಶೂ.

ಮೂರನೇ ದಿನ: ಮೇ 16, ಶುಕ್ರವಾರ

ಬೆಳಿಗ್ಗೆ ಬೇಗ ಟೂರ್ ಬಸ್ ಹತ್ತಿದೆವು. ಪಾಸ್‌ಪೋರ್ಟ್ ಇಲ್ಲದೆ ಈ ದಾರಿಯಲ್ಲಿ ಬಿಡುವುದಿಲ್ಲ. ಸಿಯೋಲ್‌ನಿಂದ ಉತ್ತರ ಕೊರಿಯಾದ ಗಡಿಗೆ ಒಂದು ಗಂಟೆಯ ದಾರಿ ಅಷ್ಟೇ. ಊರು ಮುಗಿಯುತ್ತಿದ್ದಂತೆ ನದಿಯ ದಂಡೆಗುಂಟ ಮುಳ್ಳುತಂತಿ ಶುರುವಾಗುತ್ತದೆ.

ಕೊರಿಯಾ ಯುದ್ಧ 1950ರ ಜೂನ್ 25ಕ್ಕೆ ಶುರುವಾಗಿ 1953ರ ಜುಲೈ 27ಕ್ಕೆ ನಿಂತಿತು. ನಿಂತಿತು ಅಷ್ಟೇ, ಮುಗಿಯಲಿಲ್ಲ. ಅವತ್ತು ಆದದ್ದು ಕದನವಿರಾಮ. ಅದಕ್ಕೆ ದಕ್ಷಿಣ ಕೊರಿಯಾ ಸಹಿ ಕೂಡ ಹಾಕಲಿಲ್ಲ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ನಡುವೆ ಸುಮಾರು ನಾಲ್ಕು ಕಿಲೋಮೀಟರ್ ಅಗಲದ, ಸುಮಾರು 250 ಕಿಲೋಮೀಟರ್ ಉದ್ದದ ಪಟ್ಟಿ ಬಿಟ್ಟಿದ್ದಾರೆ. ಅದಕ್ಕೆ ಡಿಎಂಜೆಡ್ ಅನ್ನುತ್ತಾರೆ. ಸೇನೆ ಇಲ್ಲದ ವಲಯ ಅಂತ ಹೆಸರು, ಆದರೆ ಅದರ ಎರಡೂ ಅಂಚಿನಲ್ಲಿ ಇರುವುದೆಲ್ಲ ಸೇನೆಯೇ.

ಇಮ್‌ಜಿನ್‌ಗಾಕ್‌ನಲ್ಲಿ ಇಳಿದಾಗ ಮೊದಲು ಕಂಡದ್ದು ತುಕ್ಕು ಹಿಡಿದ ಹಬೆ ಇಂಜಿನ್. ಮೈ ತುಂಬ ಸಾವಿರಕ್ಕೂ ಹೆಚ್ಚು ಗುಂಡಿನ ತೂತು. ಯುದ್ಧದಲ್ಲಿ ಕೆಟ್ಟು ನಿಂತದ್ದು ಐವತ್ತಕ್ಕೂ ಹೆಚ್ಚು ವರ್ಷ ಡಿಎಂಜೆಡ್ ಒಳಗೇ ಬಿದ್ದಿತ್ತು. ಅದರ ಮೇಲೆ ಒಂದು ಹಿಪ್ಪುನೇರಳೆ ಗಿಡ ಹುಟ್ಟಿಕೊಂಡಿತ್ತಂತೆ. ಇಂಜಿನ್ ತರುವಾಗ ಗಿಡವನ್ನೂ ಬಿಡದೆ ತಂದು ಪಕ್ಕದಲ್ಲಿ ನೆಟ್ಟಿದ್ದಾರೆ. ಎಲೆ ಮುಟ್ಟಿ ನೋಡಿದೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ನೋಡಿದ ಅದೇ ಎಲೆ.

ಪಕ್ಕದಲ್ಲೇ ಸ್ವಾತಂತ್ರ್ಯ ಸೇತುವೆ. ಕದನವಿರಾಮದ ನಂತರ 12,773 ಯುದ್ಧ ಕೈದಿಗಳು ಇದರ ಮೇಲೆ ನಡೆದು ದಕ್ಷಿಣಕ್ಕೆ ವಾಪಸಾದರು. ಆದರೆ ತಮ್ಮ ಕಡೆಗೆ ಹೋಗುವುದಿಲ್ಲ ಅಂದ ಕೈದಿಗಳೂ ಸಾವಿರಾರು ಜನ ಇದ್ದರು. ಅವರನ್ನು ಏನು ಮಾಡುವುದು ಅಂತ ತೀರ್ಮಾನಿಸಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತದ ಪಡೆ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕಾಯಿತು. ಆಗಿನ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ತುಳಿಯಕೂಡದು ಅಂತ ಹಠ ಹಿಡಿದಿದ್ದ. ಅದಕ್ಕೇ ಅವರನ್ನು ಇಂಚಿಯಾನ್‌ನಲ್ಲಿ ಹಡಗಿನಿಂದಲೇ ಹೆಲಿಕಾಪ್ಟರ್‌ಗೆ ಹತ್ತಿಸಿ ನೇರ ಡಿಎಂಜೆಡ್‌ಗೆ ಇಳಿಸಿದರು. ಕಡೆಗೆ ಯಾವ ಕೊರಿಯಾವೂ ಬೇಡ, ಚೀನಾವೂ ಬೇಡ ಅಂದ 88 ಜನ ನಮ್ಮ ಪಡೆಯ ಜೊತೆ ಭಾರತಕ್ಕೇ ಬಂದರು. ಎರಡು ಕಡೆಯವರೂ ಬೈಯುತ್ತಿದ್ದಾಗ ನಡುವೆ ನಿಂತು, ಕೈದಿಯ ಮಾತನ್ನೂ ಕೇಳಬೇಕು ಅಂದ ಕೊಡಗಿನವರನ್ನು ನೆನೆದು ಸೇತುವೆಯ ಮೇಲೆ ಎದೆಯುಬ್ಬಿತು. ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಬಸ್ಸಿನ ಗೈಡ್‌ಗೂ ಹೇಳಿಸಿದೆ, ಅವನು ಹೆಸರು ಬರೆದುಕೊಂಡ.

ಸೇತುವೆಯ ಕೊನೆಯಲ್ಲಿ ಬೇಲಿ. ಬೇಲಿಯ ತುಂಬ ಬಣ್ಣ ಬಣ್ಣದ ರಿಬ್ಬನ್. ಒಂದೊಂದರ ಮೇಲೂ ಬರಹ. ಹುಡುಗಿ ಬಿಸಿಲಿಗೆ ಮಾಸಿದ ಒಂದನ್ನು ಓದಿದಳು: "ಅಣ್ಣ, ಅಮ್ಮ ಹೋದಳು. ಕೊನೆಯವರೆಗೂ ನಿನ್ನ ಪಾಲಿನ ತಟ್ಟೆ ತೆಗೆದಿಡುತ್ತಿದ್ದಳು." ಅದಕ್ಕಿಂತ ಜಾಸ್ತಿ ಓದುವುದು ಬೇಡ ಅಂದೆ. ಪಕ್ಕದಲ್ಲಿ ಕಲ್ಲಿನ ಒಂದು ವೇದಿಕೆ ಇದೆ. ಹಬ್ಬದ ದಿನ ಉತ್ತರದಿಂದ ಬಂದವರು ಇಲ್ಲಿ ಎಡೆ ಇಟ್ಟು, ಊರಿನ ದಿಕ್ಕಿಗೆ ತಿರುಗಿ, ಹಿರಿಯರಿಗೆ ನಮಸ್ಕಾರ ಮಾಡುತ್ತಾರೆ. ಸಮಾಧಿಗೆ ಹೋಗಲಾಗದವರು ದಿಕ್ಕಿಗೆ ಕೈ ಮುಗಿಯುತ್ತಾರೆ.

1983ರಲ್ಲಿ ಇಲ್ಲಿನ ಸರ್ಕಾರಿ ಟಿವಿ ಕೆಬಿಎಸ್ ಯುದ್ಧದಲ್ಲಿ ಚದುರಿದ ಕುಟುಂಬಗಳನ್ನು ಹುಡುಕುವ ನೇರ ಪ್ರಸಾರ ಶುರು ಮಾಡಿತು. 138 ದಿನ, ಒಟ್ಟು 453 ಗಂಟೆ ನಡೆಯಿತು. ಅದು ದಕ್ಷಿಣದೊಳಗೇ ಕಳೆದುಹೋದವರಿಗೆ. ಗಡಿಯ ಆಚೆ ಇರುವವರ ಭೇಟಿ 2000ದಿಂದ ಆಗಾಗ ಆಗುತ್ತಿತ್ತು. ಕೊನೆಯದು 2018ರ ಆಗಸ್ಟ್‌ನಲ್ಲಿ. ಆಮೇಲೆ ಇಲ್ಲ. ಕಾಯುತ್ತಿರುವವರಿಗೆ ಈಗ ಎಂಬತ್ತು, ತೊಂಬತ್ತು ವರ್ಷ. ರಾಜಕೀಯಕ್ಕೆ ಕಾಯಲು ಪುರುಸೊತ್ತಿದೆ, ಅವರಿಗೆ ಇಲ್ಲ.

ಮೂರನೇ ಸುರಂಗಕ್ಕೂ ಕರೆದುಕೊಂಡು ಹೋದರು. ಉತ್ತರದವರು ಗಡಿಯ ಕೆಳಗೆ ಗುಟ್ಟಾಗಿ ಕೊರೆದದ್ದು, 1978ರಲ್ಲಿ ಸಿಕ್ಕಿತು. ಹೆಲ್ಮೆಟ್ ಹಾಕಿಕೊಂಡು ಬಗ್ಗಿ ನಡೆಯಬೇಕು. ನನಗೆ ಅಲ್ಲಿ ಉಸಿರು ಕಟ್ಟಿತು, ಬೇಗ ಮೇಲೆ ಬಂದೆ.

ದೋರಾ ವೀಕ್ಷಣಾಲಯದಿಂದ ದುರ್ಬೀನಿನಲ್ಲಿ ಉತ್ತರ ಕಾಣುತ್ತದೆ. 160 ಮೀಟರ್ ಎತ್ತರದ ಕಂಬ, ಮೇಲೆ ಬಾವುಟ. ಅದರಾಚೆ ಕೇಸೊಂಗ್ ಊರು. ಅಲ್ಲಿ ದಕ್ಷಿಣದ ಕಂಪನಿಗಳು, ಉತ್ತರದ ಕಾರ್ಮಿಕರು ಸೇರಿ ಕೆಲಸ ಮಾಡುವ ಕೈಗಾರಿಕಾ ವಲಯ ಇತ್ತು. 50 ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಸಿಕ್ಕಿತ್ತು. 2016ರಲ್ಲಿ ಮುಚ್ಚಿತು. 2018ರ ಏಪ್ರಿಲ್ 27ರಂದು ಪಾನ್‌ಮುನ್‌ಜೊಮ್‌ನಲ್ಲಿ ಎರಡೂ ಕಡೆಯ ನಾಯಕರು ಕೈ ಹಿಡಿದು ಗೆರೆ ದಾಟಿದಾಗ ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಆ ಫೋಟೋ ತೋರಿಸಿದ್ದೆ. ಎರಡು ವರ್ಷದ ಮೇಲೆ ಉತ್ತರದವರು ಕೇಸೊಂಗ್‌ನಲ್ಲಿದ್ದ ಎರಡೂ ಕಡೆಯವರ ಸಂಪರ್ಕ ಕಚೇರಿಯನ್ನು ಸ್ಫೋಟಿಸಿ ಉರುಳಿಸಿದರು. ಆ ವಿಷಯವನ್ನು ಮಕ್ಕಳಿಗೆ ಹೇಳಲು ನನಗೆ ಮನಸ್ಸೇ ಬರಲಿಲ್ಲ.

ಗಾಳಿ ಈ ಕಡೆ ಬೀಸಿದಾಗ ಏನೋ ಒಂಥರಾ ಕೀರಲು ಸದ್ದು. ಕಬ್ಬಿಣ ಉಜ್ಜಿದ ಹಾಗೆ, ನಡುನಡುವೆ ಊಳಿಟ್ಟ ಹಾಗೆ. ಗೈಡ್ ಹೇಳಿದ: ಈ ಕಡೆಯಿಂದ ಧ್ವನಿವರ್ಧಕದಲ್ಲಿ ಹಾಡು, ಸುದ್ದಿ ಹಾಕ್ತಾರೆ, ಆ ಕಡೆಯಿಂದ ಈ ಸದ್ದು ಬಿಡ್ತಾರೆ. ಹೋದ ಬೇಸಿಗೆಯಿಂದ ಹೀಗೇ. ಗಡಿಯ ಹಳ್ಳಿಯವರಿಗೆ ರಾತ್ರಿ ನಿದ್ದೆ ಇಲ್ಲ. ನಾನು ಊರಿಗೆ ಬಂದ ಮೇಲೆ, ಹೊಸ ಅಧ್ಯಕ್ಷ ಲೀ ಜೇ-ಮ್ಯುಂಗ್ ಬಂದ ಒಂದು ವಾರಕ್ಕೆ, ಜೂನ್ 11ರಂದು ದಕ್ಷಿಣದವರು ಧ್ವನಿವರ್ಧಕ ನಿಲ್ಲಿಸಿದರು. ಮರುದಿನದಿಂದ ಉತ್ತರದ ಸದ್ದೂ ನಿಂತಿತು. ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ. ನಾನು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ನಾಲ್ಕನೇ ದಿನ: ಮೇ 17, ಶನಿವಾರ

ಸಿಯೋಲ್‌ನ ಯೊಂಗ್‌ಸಾನ್‌ನಿಂದ ಕೆಟಿಎಕ್ಸ್ ರೈಲಿನಲ್ಲಿ ಗ್ವಾಂಗ್ಜುಗೆ ಎರಡು ಗಂಟೆಯೂ ಬೇಡ. ಒಬ್ಬರಿಗೆ ಸುಮಾರು 47 ಸಾವಿರ ವೋನ್. ನಿಲ್ದಾಣದಿಂದ ಹೊರಗೆ ಬಂದರೆ ರಬ್ಬರ್ ಸುಟ್ಟ ವಾಸನೆ. ಹತ್ತಿರದ ಟೈರ್ ಕಾರ್ಖಾನೆಗೆ ಬೆಳಿಗ್ಗೆ ಬೆಂಕಿ ಬಿದ್ದಿತ್ತು. ಆಕಾಶದಲ್ಲಿ ಕಪ್ಪು ಹೊಗೆ. ಮೂಗಿಗೆ ಕರವಸ್ತ್ರ ಹಿಡಿದು ಮೆಟ್ರೋ ಹತ್ತಿ ಊರಿನ ನಡುವಿಗೆ ಹೋದೆವು.

ಗುಮ್ನಮ್-ರೋ. ಅಗಲವಾದ ಉದ್ದ ರಸ್ತೆ. ಅದರ ತುದಿಯಲ್ಲಿ ಹಳೆಯ ಪ್ರಾಂತೀಯ ಕಚೇರಿ. ನಾವು ಹೋದಾಗ ಅದನ್ನು 1980ರಲ್ಲಿ ಇದ್ದ ಹಾಗೇ ಮರಳಿ ಕಟ್ಟುವ ಕೆಲಸ ನಡೆದಿತ್ತು, ಒಳಗೆ ಬಿಡಲಿಲ್ಲ. ಎದುರಿಗೆ ಜೊನಿಲ್ ಕಟ್ಟಡ. ಅದರ ಹೆಸರಿನ ಜೊತೆಗೇ 245 ಅಂತ ಸೇರಿಸಿದ್ದಾರೆ. ಗೋಡೆಗಳಲ್ಲಿ ಸಿಕ್ಕ ಗುಂಡಿನ ಗುರುತುಗಳ ಸಂಖ್ಯೆ ಅದು. ಹತ್ತನೇ ಮಹಡಿಯಲ್ಲಿ ಕಂಬ, ನೆಲ, ಚಾವಣಿ ಎಲ್ಲವನ್ನೂ ಇದ್ದ ಹಾಗೇ ಬಿಟ್ಟಿದ್ದಾರೆ. ನೆಲದ ಮೇಲೂ ಗುಂಡಿನ ಗುರುತು. ಹತ್ತನೇ ಮಹಡಿಯ ನೆಲಕ್ಕೆ ಗುಂಡು ಬೀಳಬೇಕಾದರೆ ಅದು ಆಕಾಶದಿಂದಲೇ ಬರಬೇಕು. ಹೆಲಿಕಾಪ್ಟರಿನಿಂದ ಹಾರಿಸಿದ್ದನ್ನು ಕಣ್ಣಾರೆ ಕಂಡೆ ಅಂದ ಒಬ್ಬ ಪಾದ್ರಿಯನ್ನು ಸರ್ವಾಧಿಕಾರಿ ಚುನ್ ಡೂ-ಹ್ವಾನ್ ತನ್ನ ಆತ್ಮಕಥೆಯಲ್ಲಿ ಸುಳ್ಳುಗಾರ ಅಂತ ಬರೆದ. 2020ರಲ್ಲಿ ಗ್ವಾಂಗ್ಜುವಿನ ಕೋರ್ಟು ಹೆಲಿಕಾಪ್ಟರ್ ಗುಂಡು ಹಾರಿಸಿದ್ದು ನಿಜ ಅಂತ ಹೇಳಿ ಅವನನ್ನು ತಪ್ಪಿತಸ್ಥ ಅಂತು. ಮರುವರ್ಷ ಅವನು ಸತ್ತ. ಈ ಊರಿನ ಕ್ಷಮೆ ಕೇಳದೆಯೇ ಸತ್ತ.

1980ರಲ್ಲಿ ಆದದ್ದು ಇಷ್ಟು. ಹದಿನೆಂಟು ವರ್ಷ ಆಳಿದ ಪಾರ್ಕ್ ಚುಂಗ್-ಹೀ 1979ರ ಅಕ್ಟೋಬರ್‌ನಲ್ಲಿ ಕೊಲೆಯಾದ. ಇನ್ನು ಒಳ್ಳೆಯ ಕಾಲ ಬಂತು ಅಂತ ಜನ ಅಂದುಕೊಳ್ಳುವಷ್ಟರಲ್ಲಿ ಜನರಲ್ ಚುನ್ ಸೇನೆಯನ್ನು ಕೈಗೆ ತಗೊಂಡ. ಮೇ 17ರ ರಾತ್ರಿ ಇಡೀ ದೇಶಕ್ಕೆ ಸೇನಾ ಕಾನೂನು ಹೇರಿದ. 18ರ ಬೆಳಿಗ್ಗೆ ಚೊನ್ನಮ್ ವಿಶ್ವವಿದ್ಯಾಲಯದ ಗೇಟಿನಲ್ಲಿ ಪ್ಯಾರಾಟ್ರೂಪರುಗಳು ವಿದ್ಯಾರ್ಥಿಗಳನ್ನು ಬಡಿದರು. ತಡೆಯಲು ಬಂದ ದಾರಿಹೋಕರನ್ನೂ ಬಡಿದರು. 20ರ ಸಂಜೆ ಟ್ಯಾಕ್ಸಿ ಡ್ರೈವರುಗಳು ನೂರಾರು ಗಾಡಿ ಸಾಲಾಗಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಹಾರನ್ ಹೊಡೆಯುತ್ತಾ ಇದೇ ರಸ್ತೆಯಲ್ಲಿ ಬಂದರು. 21ರ ಮಧ್ಯಾಹ್ನ ಈ ಕಚೇರಿಯ ಮುಂದೆ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಆಮೇಲೆ ಜನರೇ ಬಂದೂಕು ಹಿಡಿದು ಸೇನೆಯನ್ನು ಊರಿಂದ ಹೊರಗೆ ಹಾಕಿದರು. ಮುಂದಿನ ಕೆಲವು ದಿನ ಊರನ್ನು ಊರಿನವರೇ ನೋಡಿಕೊಂಡರು. ಪೊಲೀಸ್ ಇಲ್ಲ, ಆದರೂ ಲೂಟಿ ಆಗಲಿಲ್ಲ. ರಕ್ತ ಕೊಡಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಮಾರುಕಟ್ಟೆಯ ಹೆಂಗಸರು ರಸ್ತೆಯಲ್ಲೇ ಒಲೆ ಹೂಡಿ, ಅನ್ನ ಮಾಡಿ, ಉಂಡೆ ಕಟ್ಟಿ ಹಂಚಿದರು. 27ರ ನಸುಕಿನಲ್ಲಿ ಸೇನೆ ಟ್ಯಾಂಕುಗಳ ಸಮೇತ ಮರಳಿ ಬಂತು. ಸರ್ಕಾರದ ಲೆಕ್ಕದಲ್ಲೇ ಸತ್ತ ನಾಗರಿಕರು 160ಕ್ಕೂ ಹೆಚ್ಚು. ಸಿಗದೇ ಹೋದವರು ಬೇರೆ.

ಸಂಜೆ 5 ಗಂಟೆ 18 ನಿಮಿಷಕ್ಕೆ ಚೌಕದ ಗಡಿಯಾರ ಗೋಪುರದಿಂದ ಹೋರಾಟದ ಹಾಡಿನ ರಾಗ ಬಂತು. ವರ್ಷವಿಡೀ ದಿನವೂ ಬರುತ್ತದಂತೆ. ನಡೆಯುತ್ತಿದ್ದವರಲ್ಲಿ ಕೆಲವರು ನಿಂತರು, ಕೆಲವರು ನಡೆಯುತ್ತಲೇ ಬಾಯಲ್ಲಿ ಗುನುಗಿದರು.

ಕತ್ತಲಾಗುವಷ್ಟರಲ್ಲಿ ರಸ್ತೆ ಜನರಿಂದ ತುಂಬಿತು. ಗಾಡಿಗಳನ್ನು ಬಿಡುವುದಿಲ್ಲ ಅವತ್ತು. ಒಂದು ಟೆಂಟಿನಲ್ಲಿ ಹೆಂಗಸರು ದೊಡ್ಡ ಅಲ್ಯೂಮಿನಿಯಂ ಬೋಗುಣಿ ಇಟ್ಟುಕೊಂಡು ಅನ್ನದ ಉಂಡೆ ಕಟ್ಟುತ್ತಿದ್ದರು. ಜುಮೊಕ್‌ಪಾಪ್. ಜುಮೊಕ್ ಅಂದರೆ ಮುಷ್ಟಿ, ಪಾಪ್ ಅಂದರೆ ಅನ್ನ. ಉಪ್ಪು, ಎಳ್ಳೆಣ್ಣೆ, ಕಡಲಪಾಚಿಯ ಪುಡಿ, ಅಷ್ಟೇ. ಕಾಸಿಲ್ಲ, ಕೈ ಚಾಚಿದವರಿಗೆಲ್ಲ ಒಂದೊಂದು. ನನ್ನ ಕೈಗೂ ಬಿತ್ತು, ಇನ್ನೂ ಬೆಚ್ಚಗಿತ್ತು. ನಾವು ಮಕ್ಕಳಾಗಿದ್ದಾಗ ಅಜ್ಜಿ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದಳು. ಅಂಗೈಗೆ ಬಿದ್ದ ಅನ್ನದ ಭಾರ ಎಲ್ಲಿ ಹೋದರೂ ಒಂದೇ.

ನನ್ನ ಮುಂದೆ ಆರೇಳು ವರ್ಷದ ಒಬ್ಬ ಹುಡುಗ ಉಂಡೆ ತಿನ್ನುತ್ತಾ ಅಮ್ಮನನ್ನು ಏನೋ ಕೇಳಿದ. ಹುಡುಗಿ ಹೇಳಿದಳು: "ಇದನ್ನು ಯಾಕೆ ದುಡ್ಡಿಲ್ದೆ ಕೊಡ್ತಾರೆ ಅಂತ ಕೇಳ್ತಿದ್ದಾನೆ." ಅಮ್ಮ ಮಂಡಿಯೂರಿ ಕೂತು ಉತ್ತರ ಕೊಡಲು ಶುರು ಮಾಡಿದಳು. ಉದ್ದದ ಉತ್ತರ. ನಾವು ಮುಂದೆ ನಡೆದಾಗಲೂ ಅವಳು ಹೇಳುತ್ತಲೇ ಇದ್ದಳು. ಮೂವತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ ನಡೆದ ಪಾಠವನ್ನು ನಾನು ನೋಡಿರಲಿಲ್ಲ.

ಐದನೇ ದಿನ: ಮೇ 18, ಭಾನುವಾರ

ಗ್ವಾಂಗ್ಜುವಿನಲ್ಲಿ 518 ನಂಬರಿನ ಸಿಟಿ ಬಸ್ ಇದೆ. ಐದನೇ ತಿಂಗಳ 18, ಆ ತಾರೀಖನ್ನೇ ಬಸ್ಸಿಗೆ ಇಟ್ಟಿದ್ದಾರೆ. ಗಲಾಟೆ ನಡೆದ ಜಾಗಗಳನ್ನು ಹಾದು ಸ್ಮಶಾನದವರೆಗೆ ಹೋಗುತ್ತದೆ. ತರಕಾರಿ ಚೀಲದವರು, ಬಿಳಿ ಸೇವಂತಿಗೆ ಹಿಡಿದವರು ಎಲ್ಲರೂ ಒಂದೇ ಬಸ್ಸಿನಲ್ಲಿ. ನನಗೆ ಸೀಟು ಬಿಟ್ಟುಕೊಟ್ಟ ಹುಡುಗನ ಬ್ಯಾಗಿಗೆ ಕಪ್ಪು ರಿಬ್ಬನ್ ಇತ್ತು.

ಹೊಸ ರಾಷ್ಟ್ರೀಯ ಸ್ಮಶಾನದಲ್ಲಿ 45ನೇ ವರ್ಷದ ಸಮಾರಂಭ, ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ಅದು ಮುಗಿಯುವವರೆಗೆ ಪಕ್ಕದ ಮಾಂಗ್ವೊಲ್ ಹಳೆಯ ಸ್ಮಶಾನಕ್ಕೆ ಹೋದೆವು. 1980ರಲ್ಲಿ ಹೆಣಗಳನ್ನು ಕಸದ ಲಾರಿಗಳಲ್ಲಿ ತಂದು ಹೂತದ್ದು ಇಲ್ಲೇ. 1997ರಲ್ಲಿ ಹೊಸ ಸ್ಮಶಾನ ಆದ ಮೇಲೆ ಅವರನ್ನು ಮರ್ಯಾದೆಯಿಂದ ಅಲ್ಲಿಗೆ ಸೇರಿಸಿದರು.

ಬಾಗಿಲ ಹತ್ತಿರ ನೆಲದಲ್ಲಿ ಒಂದು ಮುರಿದ ಕಲ್ಲು ಹುದುಗಿಸಿದ್ದಾರೆ. ಚುನ್ ಡೂ-ಹ್ವಾನ್ ಹತ್ತಿರದ ಹಳ್ಳಿಯೊಂದರಲ್ಲಿ ತಂಗಿದ ನೆನಪಿಗೆ ಅವನ ಹೆಸರು ಕೆತ್ತಿ ನಿಲ್ಲಿಸಿದ್ದ ಕಲ್ಲು. ಜನ ಅದನ್ನು ಒಡೆದು ತಂದು ಎಲ್ಲರೂ ತುಳಿದು ಹೋಗಲಿ ಅಂತ ಇಲ್ಲಿ ಹಾಕಿದ್ದಾರೆ. ನಾನು ನಿಂತುಬಿಟ್ಟೆ. ಅಕ್ಷರ ತುಳಿಯಬಾರದು ಅಂತ ಬೆಳೆದವಳು, ಅದನ್ನೇ ಮಕ್ಕಳಿಗೆ ಹೇಳಿದವಳು. ಹಿಂದೆ ಬಂದ ಒಬ್ಬ ಮುದುಕ ನಿಧಾನಕ್ಕೆ ಎರಡೂ ಕಾಲಿಟ್ಟು, ಸ್ವಲ್ಪ ಹೊತ್ತು ಅದರ ಮೇಲೇ ನಿಂತು, ಆಮೇಲೆ ಒಳಗೆ ಹೋದ. ನಾನೂ ತುಳಿದು ಹೋದೆ.

ಲೀ ಹಾನ್-ಯೋಲ್ ಮಣ್ಣಾಗಿರುವುದು ಇಲ್ಲೇ ಅಂತ ನನಗೆ ಗೊತ್ತಿರಲಿಲ್ಲ. ಗ್ವಾಂಗ್ಜುವಿನಲ್ಲೇ ಬೆಳೆದ ಹುಡುಗ ಅವನು. ಅವನ ತಾಯಿ ಬೇ ಉನ್-ಶಿಮ್ ಮಗ ಹೋದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಎಲ್ಲ ಹೋರಾಟದಲ್ಲೂ ಮುಂದೆ ನಿಂತರು. 2022ರ ಜನವರಿಯಲ್ಲಿ ತೀರಿಕೊಂಡರು. ಶೂ ಸಿಯೋಲ್‌ನಲ್ಲಿ, ಹುಡುಗ ಇಲ್ಲಿ. ಗುರುವಾರದ ಕಾರ್ನೇಷನ್ ಬಾಡಿ ನನ್ನ ಚೀಲದಲ್ಲೇ ಉಳಿದಿತ್ತು. ತೆಗೆದು ಇಟ್ಟೆ. ಅಲ್ಲೇ ಸ್ವಲ್ಪ ದೂರದಲ್ಲಿ ಯುರ್ಗೆನ್ ಹಿಂಟ್ಸ್‌ಪೀಟರ್ ಸ್ಮಾರಕ. ಗ್ವಾಂಗ್ಜುವಿನ ಕೊಲೆಗಳನ್ನು ಕ್ಯಾಮೆರಾದಲ್ಲಿ ಹಿಡಿದು ಹೊರಗಿನ ಜಗತ್ತಿಗೆ ತೋರಿಸಿದ ಜರ್ಮನ್ ಪತ್ರಕರ್ತ. ಅವನ ಕೂದಲು, ಉಗುರು ಇಲ್ಲಿ ಹೂತಿದ್ದಾರೆ. ಸಂಸತ್ತಿನ ಗೇಟಿನ ಹತ್ತಿರ ಬೆಂಚಿನ ಮೇಲೆ ಕೂತಿದ್ದವರಿಗೆ ನಿಜ ಗೊತ್ತಾಗಿದ್ದು ಇಂಥವರಿಂದಲೇ.

ಮಧ್ಯಾಹ್ನ ಹೊಸ ಸ್ಮಶಾನ. ದೊಡ್ಡವರೆಲ್ಲ ಹೊರಟುಹೋಗಿದ್ದರು. ಸಾಲು ಸಾಲು ಸಮಾಧಿ, ಪ್ರತಿಯೊಂದರ ಮುಂದೂ ಫೋಟೋ. ಶಾಲೆಯ ಯೂನಿಫಾರ್ಮಿನಲ್ಲಿ ಇರುವ ಮುಖಗಳೂ ಇವೆ. ಬಿಳಿ ಬಟ್ಟೆ ತೊಟ್ಟ ಒಬ್ಬ ಅಜ್ಜಿ ಒಂದು ಕಲ್ಲಿನ ಪಕ್ಕ ಕೂತು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದರು. ಅಕ್ಷರದ ಸಂದಿಯಲ್ಲಿ ಕೂತ ಧೂಳನ್ನು ಬೆರಳ ತುದಿಗೆ ಬಟ್ಟೆ ಸುತ್ತಿ ತೆಗೆಯುತ್ತಿದ್ದರು. ನಮ್ಮ ಹುಡುಗಿ ಬಗ್ಗಿ ನಮಸ್ಕಾರ ಮಾಡಿದಳು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಇಂದೋ, ಭಾರತ, ಅಂದಳು.

"ಇಷ್ಟು ದೂರದಿಂದಾ?" ಅಂದರು. ಹುಡುಗಿಯ ವಯಸ್ಸು ಕೇಳಿದರು. ಇಪ್ಪತ್ಮೂರು ಅಂತ ಗೊತ್ತಾದಾಗ ಅವಳ ಕೆನ್ನೆ ಮುಟ್ಟಿದರು. "ಚೆನ್ನಾಗಿ ಬೆಳೆದಿದ್ದೀಯ," ಅಂದರು. ಫೋಟೋದ ಹುಡುಗನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಡಿಸೆಂಬರ್ ರಾತ್ರಿ ಟಿವಿ ನೋಡಿ ನಿಮಗೆ ಹೇಗಾಯ್ತು ಅಂತ ಕೇಳಬೇಕು ಅಂದುಕೊಂಡಿದ್ದೆ. ನಾನು ಕೇಳದೆಯೇ ಅವರು ಹೇಳಿದರು. ಆ ರಾತ್ರಿ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ದರಂತೆ, ಬೆಳಗಾಗುವವರೆಗೆ. ಕಾಲು ಆಡುವ ಹಾಗಿದ್ದರೆ ಹೋಗುತ್ತಿದ್ದೆ ಅಂದರು. "ಮಕ್ಕಳು ಹೋದ್ರು. ಈ ಸಲ ಎಲ್ಲ ಮಕ್ಕಳೂ ಮನೆಗೆ ವಾಪಸ್ ಬಂದ್ರು, ಅಲ್ವಾ?" ಹೌದು ಅಂತ ಹುಡುಗಿ ತಲೆಯಾಡಿಸಿದಳು.

ಅಜ್ಜಿ ಜೇಬಿನಿಂದ ಮೂರು ಮಿಠಾಯಿ ತೆಗೆದರು. ಒಂದು ಹುಡುಗಿಗೆ, ಒಂದು ನನಗೆ. ಮೂರನೆಯದರ ಕಾಗದ ಬಿಚ್ಚಿ, ಒರೆಸಿದ ಕಲ್ಲಿನ ಮೇಲೆ ಇಟ್ಟರು.